ಎಂಜಿನ್ ತೊಳೆಯಲು ಅರ್ಧ ಬಕೆಟ್ ನೀರು ಸಾಕು

ಆಯುಧಪೂಜೆಯ ಹಿಂದಿನ ದಿನ ಯಾವ ಊರಿನ ವಾಟರ್ ಸರ್ವೀಸ್ ಮುಂದೆ ನಿಂತರೂ ಕಾಣುವುದು ಇದೇ. ಓಡಿ ಬಂದ ಕಾರಿನ ಬಾನೆಟ್ ಎತ್ತುತ್ತಾರೆ, ಬಿಸಿ ಎಂಜಿನ್ ಮೇಲೆ ಡೀಸೆಲ್ ಎರಚುತ್ತಾರೆ, ಗನ್ ಹಿಡಿದು ಎರಡು ನಿಮಿಷ ನೀರು ಹೊಡೆಯುತ್ತಾರೆ. ಎಂಜಿನ್ ಫಳಫಳ ಹೊಳೆಯುತ್ತದೆ. ಮರುದಿನ ಕುಂಬಳಕಾಯಿ ಒಡೆದು, ನಿಂಬೆಹಣ್ಣು ಚಕ್ರದಡಿ ಇಟ್ಟು ಕೀಲಿ ತಿರುಗಿಸಿದರೆ ಗಾಡಿ ಗಡಗಡ ನಡುಗುತ್ತಾ ಮಿಸ್ ಹೊಡೆಯುತ್ತದೆ, ಮೀಟರಿನಲ್ಲಿ ಹಳದಿ ದೀಪ ಮಿನುಗುತ್ತದೆ. ಆಮೇಲೆ ಎಲ್ಲರೂ ಹೇಳುವುದು, "ಎಂಜಿನ್‌ಗೆ ನೀರು ತಾಗಿಸಲೇಬಾರದು."

ಅದು ಪೂರ್ತಿ ನಿಜವಲ್ಲ. ಜುಲೈ ತಿಂಗಳಲ್ಲಿ ಆಗುಂಬೆ ಘಾಟಿ ಹತ್ತಿದ ಕಾರಿನ ಎಂಜಿನ್‌ಗೆ ಬೇಕಾದಷ್ಟು ನೀರು ಸಿಡಿದಿರುತ್ತದೆ, ಅದಕ್ಕೆ ಏನೂ ಆಗಿರುವುದಿಲ್ಲ. ಕೆಡಿಸುವುದು ನೀರಿನ ಒತ್ತಡ, ಎಂಜಿನ್ನಿನ ಬಿಸಿ ಮತ್ತು ತಪ್ಪು ದ್ರಾವಣ. ಎಂಜಿನ್ ಬೇ, ಅಂದರೆ ಬಾನೆಟ್ ಅಡಿಯ ಜಾಗದೊಳಗಿನ ಒಳ್ಳೆಯ ಕನೆಕ್ಟರ್‌ಗಳು (ವೈರ್ ಜೋಡಣೆಗಳು) ನೀರು ತಡೆಯುವ ಐಪಿ67 ದರ್ಜೆಯವು ಎಂದುಕೊಳ್ಳಿ. ಅದರ ಅರ್ಥ ಒಂದು ಮೀಟರ್ ಆಳದ ನಿಂತ ನೀರಿನಲ್ಲಿ 30 ನಿಮಿಷ ತಡೆಯುತ್ತವೆ ಎಂದು. 100 ಬಾರ್ ಒತ್ತಡದ ಗನ್ ತುದಿಯನ್ನು ಒಂದು ಅಡಿ ದೂರದಿಂದ ಹಿಡಿದರೆ ತಡೆಯುತ್ತವೆ ಎಂದಲ್ಲ. ಆ ರಭಸ ರಬ್ಬರ್ ಸೀಲನ್ನು ಮಡಚಿ ನೀರನ್ನು ಒಳಗೆ ತಳ್ಳುತ್ತದೆ. ಒಳಗೆ ಹೋದ ನೀರಿಗೆ ಹೊರಗೆ ಬರಲು ದಾರಿ ಇರುವುದಿಲ್ಲ. ಕೆಲವು ವಾರಗಳ ನಂತರ ಪಿನ್ನುಗಳ ಮೇಲೆ ಹಸಿರು ಕಿಲುಬು ಕಾಣಿಸಿಕೊಳ್ಳುವ ಹೊತ್ತಿಗೆ ತೊಳೆದದ್ದು ಯಾರಿಗೂ ನೆನಪಿರುವುದಿಲ್ಲ.

ಇಲ್ಲಿ ಹೇಳುವ ವಿಧಾನಕ್ಕೆ ಗನ್ ಬೇಡ. 8 ಲೀಟರ್ ನೀರು, ಕೈಯಲ್ಲಿ ಒತ್ತುವ ಸ್ಪ್ರೇಯರ್, ನಾಲ್ಕೈದು ಹಳೆಯ ಬನಿಯನ್ ಬಟ್ಟೆ, ಎರಡು ಗಂಟೆ ಸಮಯ. ಸ್ವಿಫ್ಟ್, ಬಲೆನೊಗಳ ಕೆ12 ಪೆಟ್ರೋಲ್ ಎಂಜಿನ್ ಅನ್ನು ಮನಸ್ಸಿನಲ್ಲಿಟ್ಟು ಬರೆದದ್ದು. ಬೇರೆ ಗಾಡಿಗಳಿಗೆ ಎಲ್ಲಿ ವ್ಯತ್ಯಾಸವೋ ಅಲ್ಲಲ್ಲೇ ಹೇಳಿದೆ.

ತೊಳೆಯುವುದು ಏಕೆ, ಯಾವಾಗ

ಹೊಳಪಿಗಾಗಿ ತೊಳೆಯಬೇಕಿಲ್ಲ. ಜಿಡ್ಡಿನ ಪದರ ಕಟ್ಟಿದ ಎಂಜಿನ್‌ನಲ್ಲಿ ಎಣ್ಣೆ ಎಲ್ಲಿಂದ ಸೋರುತ್ತಿದೆ ಎಂದು ಹೇಳುವುದು ಯಾವ ಮೆಕ್ಯಾನಿಕ್‌ಗೂ ಕಷ್ಟ. ಎಣ್ಣೆಗೆ ಅಂಟಿದ ಕೆಂಧೂಳು ಹೊದಿಕೆಯಂತೆ ಕೂತು ಬಿಸಿಯನ್ನು ಹಿಡಿದಿಡುತ್ತದೆ. ಎಂಜಿನ್ ಕೂರಿಸಿದ ಮೌಂಟಿನ ರಬ್ಬರು ಎಣ್ಣೆಯಲ್ಲಿ ನೆನೆದರೆ ಮೆತ್ತಗಾಗಿ ಹರಿದುಹೋಗುತ್ತದೆ. ಕರಾವಳಿಯಲ್ಲಿ ಇವುಗಳ ಜೊತೆಗೆ ಉಪ್ಪುಗಾಳಿ. ಅಲ್ಲಿ ಬೋಲ್ಟ್ ತಲೆಗಳು, ಅರ್ತ್ ವೈರಿನ ತುದಿಗಳು ಬೇಗ ತುಕ್ಕು ಹಿಡಿಯುತ್ತವೆ.

ವರ್ಷಕ್ಕೆ ಒಮ್ಮೆ ಸಾಕು. ಮಳೆ ನಿಂತ ಮೇಲೆ, ಅಕ್ಟೋಬರ್ ಅಥವಾ ನವೆಂಬರ್‌ನಲ್ಲಿ ಮಾಡುವುದು ಒಳ್ಳೆಯದು. ಕೆಸರೂ ಹೋಗುತ್ತದೆ, ಒಣಗಲು ಬಿಸಿಲೂ ಸಿಗುತ್ತದೆ. ಪೂಜೆಗೆಂದೇ ತೊಳೆಯುವುದಾದರೆ ಎರಡು ದಿನ ಮೊದಲೇ ತೊಳೆಯಿರಿ. ಬೆಳಗ್ಗೆ ಎಂಟರ ಸುಮಾರಿಗೆ ನೆರಳಿನಲ್ಲಿ ಶುರು ಮಾಡಿದರೆ ಮಧ್ಯಾಹ್ನದ ಬಿಸಿಲು ಉಳಿದ ಕೆಲಸ ಮಾಡುತ್ತದೆ.

ನೀರಿಗೆ ಮೊದಲು ಕಣ್ಣು

ಟಾರ್ಚ್ ಹಿಡಿದು ಹತ್ತು ನಿಮಿಷ ಸುಮ್ಮನೆ ನೋಡಿ, ಫೋನಿನಲ್ಲಿ ನಾಲ್ಕು ಫೋಟೋ ತೆಗೆಯಿರಿ. ಎಣ್ಣೆ ಒದ್ದೆಯಾಗಿ ಹೊಳೆಯುವ ಜಾಗಗಳು ಯಾವುವು, ಒಣಗಿ ಕಪ್ಪಾದವು ಯಾವುವು ಎಂಬುದು ತೊಳೆದ ಮೇಲೆ ತಿಳಿಯುವುದಿಲ್ಲ. ಸೋರಿಕೆಯ ಜಾಡು ಇರುವುದು ಆ ಕೊಳೆಯಲ್ಲೇ.

ಇಲಿ ಕಚ್ಚಿದ ವೈರ್ ಇದೆಯೇ ನೋಡಿ. ತಾಮ್ರ ಕಾಣುವಂತೆ ಸುಲಿದಿದ್ದರೆ ಮೊದಲು ರಿಪೇರಿ, ಆಮೇಲೆ ತೊಳೆಯುವುದು. ಬ್ಯಾಟರಿಯ ಹಿಂದೆ, ವೈಪರ್ ಕೆಳಗಿನ ತೊಟ್ಟಿಯಲ್ಲಿ ಇಲಿಗೂಡು ಸಿಕ್ಕರೆ ಒಣಗಿದ್ದಾಗಲೇ ಗುಡಿಸಬೇಡಿ. ಇಲಿ ಜ್ವರ ಹರಡುವುದು ಇಲಿಯ ಮೂತ್ರದಿಂದ. ಮಲೆನಾಡು, ಕರಾವಳಿಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಕೈಗೆ ರಬ್ಬರ್ ಗ್ಲೌಸ್, ಮೂಗಿಗೆ ಮಾಸ್ಕ್ ಹಾಕಿ, ಗೂಡಿನ ಮೇಲೆ ಸೋಪಿನ ನೀರು ಚಿಮುಕಿಸಿ ತೇವ ಮಾಡಿ, ನಂತರ ಕೈಯಿಂದ ಎತ್ತಿ ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಕಟ್ಟಿ.

ವೈಪರ್ ತೊಟ್ಟಿಯ ಒಣ ಎಲೆ, ಹೊಂಗೆ ಹೂವು, ಕಡ್ಡಿ ಎಲ್ಲ ತೆಗೆಯಿರಿ. ಅಲ್ಲಿಂದ ನೀರು ಹೊರಹೋಗುವ ತೂತು ಕಟ್ಟಿಕೊಂಡಿದ್ದರೆ ಮಳೆಗಾಲದಲ್ಲಿ ಕಾರಿನೊಳಗೆ, ಮುಂದಿನ ಸೀಟಿನ ಕಾಲಡಿಗೆ ನೀರು ಬರುತ್ತದೆ. ಅಡುಗೆಮನೆಯ ಸ್ಟ್ರಾ ಒಂದನ್ನು ಆ ತೂತಿಗೆ ತೂರಿಸಿ ನೋಡಿದರೆ ಗೊತ್ತಾಗುತ್ತದೆ.

ಏನು ಬಳಸಬೇಕು, ಏನು ಮುಟ್ಟಬಾರದು

ನೀರಿನಲ್ಲಿ ಕರಗುವ ಡಿಗ್ರೀಸರ್, ಅಂದರೆ ಜಿಡ್ಡು ಬಿಡಿಸುವ ದ್ರವ ಬೇಕು. ಬಾಟಲಿಯ ಮೇಲೆ ಅಲ್ಯುಮಿನಿಯಂಗೆ, ರಬ್ಬರಿಗೆ ಸುರಕ್ಷಿತ ಎಂದು ಬರೆದಿರಬೇಕು. ಬರೀ ಧೂಳು, ತೆಳು ಜಿಡ್ಡು ಇದ್ದರೆ 500 ಮಿಲಿ ನೀರಿಗೆ 50 ಮಿಲಿ. ಟಾರಿನಂತೆ ಗಟ್ಟಿಯಾದ ಜಿಡ್ಡಿಗೆ 400 ಮಿಲಿ ನೀರಿಗೆ 100 ಮಿಲಿ. ಬಾಟಲಿಯಲ್ಲಿ ಬೇರೆ ಅಳತೆ ಬರೆದಿದ್ದರೆ ಅದನ್ನೇ ಪಾಲಿಸಿ. ಒಂದು ಕಾರಿಗೆ ಅರ್ಧ ಲೀಟರ್ ದ್ರಾವಣ ಮೀರುವುದಿಲ್ಲ.

ಡೀಸೆಲ್, ಸೀಮೆಎಣ್ಣೆ, ಪೆಟ್ರೋಲ್ ಮೂರೂ ಬೇಡ. ಜಿಡ್ಡು ಬಿಡಿಸುವುದರಲ್ಲಿ ಅವು ಚೆನ್ನಾಗಿಯೇ ಕೆಲಸ ಮಾಡುತ್ತವೆ, ತೊಂದರೆ ಇರುವುದು ಬೇರೆ ಕಡೆ. ಸೀಮೆಎಣ್ಣೆ ಸುಮಾರು 220 ಡಿಗ್ರಿಯಲ್ಲಿ ಕಿಡಿ ಇಲ್ಲದೆಯೂ ಹೊತ್ತಿಕೊಳ್ಳಬಲ್ಲದು. ಹೆದ್ದಾರಿಯಲ್ಲಿ ಓಡಿ ಬಂದ ಕಾರಿನ ಎಕ್ಸಾಸ್ಟ್ ಮ್ಯಾನಿಫೋಲ್ಡ್ (ಎಂಜಿನ್ನಿನ ಹೊಗೆ ಹೊರಬರುವ ಕೊಳವೆ) ಅದಕ್ಕಿಂತ ಬಿಸಿ ಇರುತ್ತದೆ. ಪೆಟ್ರೋಲ್ ಆವಿಗಂತೂ ಒಂದು ಸಣ್ಣ ಕಿಡಿ ಸಾಕು. ಬೆಂಕಿಯ ಮಾತು ಬಿಟ್ಟರೂ, ರೇಡಿಯೇಟರ್ ಹೋಸ್‌ಗಳ ಇಪಿಡಿಎಂ ಎಂಬ ರಬ್ಬರು ಕುದಿಯುವ ಕೂಲಂಟನ್ನು ವರ್ಷಗಟ್ಟಲೆ ತಡೆಯುತ್ತದೆ, ಆದರೆ ಪೆಟ್ರೋಲಿಯಂ ಎಣ್ಣೆ ತಾಗಿದರೆ ಉಬ್ಬುತ್ತದೆ. ಕೊನೆಗೆ ಉಳಿಯುವ ಡೀಸೆಲ್ ಪಸೆಯೇ ಎರಡು ವಾರದಲ್ಲಿ ಮೊದಲಿಗಿಂತ ಹೆಚ್ಚು ಧೂಳು ಹಿಡಿಯುತ್ತದೆ.

ಕಾಸ್ಟಿಕ್ ಸೋಡಾ ಇರುವ ಅಗ್ಗದ ಡಿಗ್ರೀಸರ್, ಒಲೆ ಕ್ಲೀನರ್‌ಗಳು ಇನ್ನೊಂದು ಅಪಾಯ. ಕಾಸ್ಟಿಕ್ ಅಲ್ಯುಮಿನಿಯಂ ಅನ್ನು ನೇರವಾಗಿ ತಿನ್ನುತ್ತದೆ, ತಿನ್ನುವಾಗ ಹೈಡ್ರೋಜನ್ ಗುಳ್ಳೆ ಏಳುತ್ತದೆ. ಇಂದಿನ ಎಂಜಿನ್‌ನ ಹೆಡ್ (ಮೇಲ್ಭಾಗ), ಬ್ಯಾಟರಿ ಚಾರ್ಜ್ ಮಾಡುವ ಆಲ್ಟರ್ನೇಟರ್‌ನ ಕವಚ, ಎಸಿ ಪೈಪು, ಗೇರ್‌ಬಾಕ್ಸ್ ಎಲ್ಲವೂ ಅಲ್ಯುಮಿನಿಯಮ್ಮೇ. ಬೂದು ಬಣ್ಣಕ್ಕೆ ತಿರುಗಿ ಮಸುಕಾದ ಎಂಜಿನ್‌ಗಳಲ್ಲಿ ಎಷ್ಟೋ ಇಂಥ ಸ್ನಾನದಿಂದಲೇ ಹಾಗಾಗಿರುತ್ತವೆ.

ತೋಟದವರಿಗೆ ಒಂದು ಮಾತು. ಅಡಿಕೆಗೆ ಔಷಧಿ ಹೊಡೆಯುವ ಸ್ಪ್ರೇಯರ್ ಮನೆಯಲ್ಲೇ ಇದೆ ಎಂದು ಅದನ್ನೇ ತರಬೇಡಿ. ಬೋರ್ಡೋ ಮಿಶ್ರಣದ ಮೈಲುತುತ್ತ ಡಬ್ಬಿಯ ಮೂಲೆಯಲ್ಲಿ, ನಳಿಕೆಯಲ್ಲಿ ಉಳಿದೇ ಇರುತ್ತದೆ. ಅದರಲ್ಲಿರುವ ತಾಮ್ರ ಅಲ್ಯುಮಿನಿಯಂ ಮೇಲೆ ಕೂತರೆ ಸೂಜಿ ಚುಚ್ಚಿದಂತೆ ಗುಳಿ ಬೀಳಿಸುತ್ತದೆ. ರೇಡಿಯೇಟರ್, ಎಸಿ ಕಂಡೆನ್ಸರ್‌ನಂಥ ತೆಳ್ಳನೆಯ ಭಾಗಗಳಲ್ಲಿ ಅಂಥ ಗುಳಿ ಎಂದರೆ ಮುಂದೆ ತೂತು. ಎರಡು ಲೀಟರಿನ ಹೊಸ ಕೈಪಂಪ್ ಸ್ಪ್ರೇಯರ್ ಕೊಂಡು ಗಾಡಿಗೆಂದೇ ಇಡಿ.

ಬ್ರಷ್‌ಗಳು: ಒಂದೂವರೆ ಇಂಚಿನ ಪೇಂಟ್ ಬ್ರಷ್, ಹಳೆಯ ಟೂತ್‌ಬ್ರಷ್ ಎರಡು, ಫ್ಲಾಸ್ಕ್ ತೊಳೆಯುವ ಉದ್ದ ಬ್ರಷ್. ಪೇಂಟ್ ಬ್ರಷ್‌ನ ಲೋಹದ ಪಟ್ಟಿಗೆ ಇನ್ಸುಲೇಶನ್ ಟೇಪ್ ಸುತ್ತಿ. ತಂತಿ ಬ್ರಷ್ ಬೇಡ.

ಬಿಸಿ ಮತ್ತು ಬ್ಯಾಟರಿ

ಎಂಜಿನ್ ಉಗುರುಬೆಚ್ಚಗಿರಬೇಕು. ಓಡಿ ಬಂದಿದ್ದರೆ ಬಾನೆಟ್ ತೆರೆದು ಒಂದು ಗಂಟೆ ಬಿಡಿ. ರಾತ್ರಿಯಿಡೀ ನಿಂತಿದ್ದರೆ ಐದು ನಿಮಿಷ ಸ್ಟಾರ್ಟ್ ಮಾಡಿ ನಿಲ್ಲಿಸಿ, ಎಕ್ಸಾಸ್ಟ್ ತಣಿಯಲು ಸ್ವಲ್ಪ ಕಾಯಿರಿ. ಅಂಗೈ ಹಿಂಭಾಗವನ್ನು ಎಂಜಿನ್ ಮೇಲೆ ಹತ್ತು ಸೆಕೆಂಡ್ ಇಡಲು ಆದರೆ ಸರಿ. ಕೆಂಪಗೆ ಕಾದ ಕಾವಲಿಗೆ ನೀರು ಸುರಿದರೆ ಏನಾಗುತ್ತದೋ ಬೀಡು ಕಬ್ಬಿಣದ ಮ್ಯಾನಿಫೋಲ್ಡ್‌ಗೂ ಅದೇ. ಬಿರುಕು ಬಿಡಬಹುದು. ದ್ರಾವಣವೂ ಕೆಲಸ ಮಾಡುವ ಮೊದಲೇ ಆರಿ ಬಿಳಿ ಕಲೆಯಾಗಿ ಕೂರುತ್ತದೆ.

ಕೀಲಿ ತೆಗೆದು ಜೇಬಿಗೆ ಹಾಕಿ, ಒಂದು ಕಿಟಕಿ ಇಳಿಸಿಡಿ. ನಂತರ ಬ್ಯಾಟರಿಯ ಮೈನಸ್ ತಂತಿ ಬಿಚ್ಚಿ. ಹೆಚ್ಚಿನ ಕಾರುಗಳಲ್ಲಿ 10 ಎಂಎಂ ಸ್ಪ್ಯಾನರ್ ಸಾಕು. ಮೈನಸ್ಸೇ ಮೊದಲು ಏಕೆಂದರೆ, ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಬಾಡಿಗೆ ತಗುಲಿದರೆ ನೇರ ಶಾರ್ಟ್. ಕೀಲಿ ತೆಗೆದ ಮಾತ್ರಕ್ಕೆ ಕರೆಂಟ್ ಹೋಗಿರುವುದಿಲ್ಲ. ಆಲ್ಟರ್ನೇಟರ್‌ನ ದಪ್ಪ ತಂತಿಯಲ್ಲಿ ಯಾವಾಗಲೂ ಬ್ಯಾಟರಿಯ 12 ವೋಲ್ಟ್ ಇದ್ದೇ ಇರುತ್ತದೆ. ಕೆಲವು ಕಾರುಗಳಲ್ಲಿ ರೇಡಿಯೇಟರ್ ಫ್ಯಾನ್ ಕೂಡ ಕೀಲಿ ಇಲ್ಲದೆಯೇ ತಿರುಗಬಲ್ಲದು, ಆಗ ಅಲ್ಲಿ ನಿಮ್ಮ ಬೆರಳಿರುತ್ತದೆ. ಮೈನಸ್ ಕ್ಲಾಂಪ್ ಮೇಲೆ ಸಣ್ಣ ಸೆನ್ಸರ್ ಇದ್ದರೆ ಅದರ ವೈರ್ ಹಿಡಿದು ಎಳೆಯಬೇಡಿ, ಕ್ಲಾಂಪ್ ಹಿಡಿದು ಎತ್ತಿ. ಗಡಿಯಾರ, ರೇಡಿಯೋ, ಕಿಟಕಿಯ ಆಟೋ ಮತ್ತೆ ಹೊಂದಿಸಬೇಕಾದೀತು, ಅಷ್ಟೇ ನಷ್ಟ.

ಹೈಬ್ರಿಡ್ ಅಥವಾ ಎಲೆಕ್ಟ್ರಿಕ್ ಕಾರಿನಲ್ಲಿ ಕಿತ್ತಳೆ ಬಣ್ಣದ ದಪ್ಪ ಕೇಬಲ್ ಕಂಡರೆ ಇಲ್ಲಿಗೇ ನಿಲ್ಲಿಸಿ. ಅದು ಹೈ ವೋಲ್ಟೇಜ್. ಅಲ್ಲಿ ತೇವ ಬಟ್ಟೆಯಲ್ಲಿ ಪ್ಲಾಸ್ಟಿಕ್ ಮುಚ್ಚಳ ಒರೆಸುವುದರಾಚೆ ಮನೆಯಲ್ಲಿ ಏನೂ ಮಾಡಬಾರದು. ಸಿಎನ್‌ಜಿ ಕಾರಾದರೆ ಗ್ಯಾಸ್ ವಾಸನೆ ಇದೆಯೇ ಮೊದಲು ನೋಡಿ. ಇದ್ದರೆ ತೊಳೆಯುವ ಮಾತೇ ಇಲ್ಲ.

ಹೊದಿಸುವುದು, ಎಣಿಸುವುದು

ಪ್ಲಾಸ್ಟಿಕ್ ಚೀಲ ಮತ್ತು ರಬ್ಬರ್ ಬ್ಯಾಂಡ್ ಬಳಸಿ. ಅಡುಗೆಯ ಅಲ್ಯುಮಿನಿಯಂ ಫಾಯಿಲ್ ಕರೆಂಟ್ ಹಾಯಿಸುವ ವಸ್ತು, ಅದು ಬೇಡ. ಮುಚ್ಚಬೇಕಾದವು: ಆಲ್ಟರ್ನೇಟರ್, ಫ್ಯೂಸ್ ಬಾಕ್ಸ್, ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಮತ್ತು ಅದರ ಕನೆಕ್ಟರ್, ಸ್ಪಾರ್ಕ್ ಪ್ಲಗ್‌ಗೆ ಕರೆಂಟ್ ಕೊಡುವ ಇಗ್ನಿಶನ್ ಕಾಯಿಲ್‌ಗಳು, ಗಾಳಿ ಎಳೆಯುವ ಕೊಳವೆಯ ಬಾಯಿ, ಬ್ರೇಕ್ ಆಯಿಲ್ ಡಬ್ಬಿ, ಬ್ಯಾಟರಿ. ಹಳೆಯ ಮಾರುತಿ 800, ಓಮ್ನಿಗಳಲ್ಲಿ ಡಿಸ್ಟ್ರಿಬ್ಯೂಟರ್ ಮತ್ತು ಕಾರ್ಬ್ಯುರೇಟರ್ ಸೇರಿಸಿ. ಬಾನೆಟ್ ಮೇಲೆ ಗಾಳಿ ಬಾಯಿ ಇರುವ ಸ್ಕಾರ್ಪಿಯೋಗಳಲ್ಲಿ ಅದರ ಕೆಳಗಿನ ಇಂಟರ್‌ಕೂಲರ್ ಅನ್ನೂ ಮುಚ್ಚಿ.

ಗಾಳಿ ಕೊಳವೆಯ ವಿಷಯದಲ್ಲಿ ಉದಾಸೀನ ಬೇಡ. ಅಲ್ಲಿ ನೀರು ಹೋದರೆ ಏರ್ ಫಿಲ್ಟರ್ ಕಾಗದ ನೆನೆಯುವುದು ಚಿಕ್ಕ ನಷ್ಟ. ನೀರು ಸಿಲಿಂಡರ್ ತಲುಪಿದರೆ ಪಿಸ್ಟನ್ ಅದನ್ನು ಒತ್ತಲಾರದೆ ಕನೆಕ್ಟಿಂಗ್ ರಾಡ್ ಬಾಗುತ್ತದೆ. ಬ್ರೇಕ್ ಆಯಿಲ್ ಡಬ್ಬಿ ಏಕೆಂದರೆ ಆ ದ್ರವ ತೇವವನ್ನು ಹೀರುತ್ತದೆ, ತೇವ ಹೀರಿದ ಬ್ರೇಕ್ ಆಯಿಲ್ ಕಡಿಮೆ ಬಿಸಿಯಲ್ಲೇ ಕುದಿಯುತ್ತದೆ. ಆಯಿಲ್ ಕ್ಯಾಪ್ ಬಿಗಿ ಇದೆಯೇ, ಡಿಪ್‌ಸ್ಟಿಕ್ ಪೂರ್ತಿ ಕೂತಿದೆಯೇ ನೋಡಿ.

ಎಷ್ಟು ಚೀಲ ಹೊದಿಸಿದಿರಿ ಎಂದು ಕಾಗದದ ಮೇಲೆ ಬರೆದಿಡಿ. 7 ಹೊದಿಸಿದರೆ ಸ್ಟಾರ್ಟ್ ಮಾಡುವ ಮೊದಲು 7 ಹೊರಬರಬೇಕು. ಮರೆತ ಒಂದು ಚೀಲವನ್ನು ಬೆಲ್ಟ್ ಎಳೆದುಕೊಂಡು ಪುಲ್ಲಿಗೆ ಸುತ್ತಿದರೆ ಬೆಲ್ಟ್ ಹೋಯಿತು. ಎಕ್ಸಾಸ್ಟ್ ಮೇಲೆ ಬಿದ್ದರೆ ಕರಗಿ ಅಂಟುತ್ತದೆ, ವಾಸನೆ ತಿಂಗಳುಗಟ್ಟಲೆ ಹೋಗುವುದಿಲ್ಲ.

ತೊಳೆಯುವುದು

ಗಟ್ಟಿ ಜಿಡ್ಡನ್ನು ಮೊದಲು ಐಸ್‌ಕ್ರೀಂ ಕಡ್ಡಿಯಿಂದ ಕೆರೆದು ಹಳೆಯ ದಿನಪತ್ರಿಕೆಯ ಮೇಲೆ ಬೀಳಿಸಿ. ಹೀಗೆ ಹೋದಷ್ಟು ಜಿಡ್ಡು ಚರಂಡಿಗೆ ಹೋಗುವುದಿಲ್ಲ, ಡಿಗ್ರೀಸರೂ ಉಳಿಯುತ್ತದೆ. ಕಾರಿನ ಕೆಳಗೆ ಎಂಜಿನ್ ನೇರಕ್ಕೆ ಮರದ ಪುಡಿ ಅಥವಾ ಮರಳು ಹರಡಿ. ಕೆಲಸ ಮುಗಿದ ಮೇಲೆ ಅದನ್ನು ಗುಡಿಸಿ ಚೀಲಕ್ಕೆ ಹಾಕಬಹುದು. ಕೆರೆ ದಂಡೆ, ಹೊಳೆ ಬದಿಯಲ್ಲಿ ಎಂಜಿನ್ ತೊಳೆಯುವುದು ದೊಡ್ಡ ತಪ್ಪು. ಒಂದು ಹಿಡಿ ಎಣ್ಣೆ ನೀರಿನ ಮೇಲೆ ಎಷ್ಟಗಲ ಹರಡುತ್ತದೆ ಎಂದು ಒಮ್ಮೆ ನೋಡಿದವರು ಅದನ್ನು ಮಾಡಲಾರರು.

ಎಂಜಿನ್ ಬೇ ಅನ್ನು ಮನಸ್ಸಿನಲ್ಲೇ ನಾಲ್ಕು ಭಾಗ ಮಾಡಿ. ಒಂದೊಂದನ್ನೇ ಪೂರ್ತಿ ಮುಗಿಸಿ ಮುಂದೆ ಹೋಗಿ. ಮೊದಲು ನೀರನ್ನು ತೆಳ್ಳಗೆ ಸಿಂಪಡಿಸಿ, ಧೂಳು ಮೆತ್ತಗಾಗಲಿ. ಡಿಗ್ರೀಸರನ್ನು ಕೆಳಗಿನಿಂದ ಮೇಲಕ್ಕೆ ಹಾಕಿ. ಮೇಲಿನಿಂದ ಹಾಕಿದರೆ ಕೆಳಗಿನ ಒಣ ಕೊಳೆಯ ಮೇಲೆ ಗೆರೆಗೆರೆಯಾಗಿ ಇಳಿದು ಕಲೆ ಮಾಡುತ್ತದೆ. 3ರಿಂದ 5 ನಿಮಿಷ ಬಿಡಿ, ಆರಲು ಮಾತ್ರ ಬಿಡಬೇಡಿ. ಆರುವಂತೆ ಕಂಡರೆ ಮೇಲೊಂದು ಸಿಂಪಡಣೆ. ನಂತರ ಬ್ರಷ್ ಆಡಿಸಿ. ವೈರ್‌ಗಳನ್ನು ಬ್ರಷ್‌ನಿಂದ ಉಜ್ಜುವುದಕ್ಕಿಂತ ದ್ರಾವಣ ತಾಗಿಸಿದ ಬಟ್ಟೆಯಲ್ಲಿ ಹಿಡಿದು ಉದ್ದಕ್ಕೆ ಎಳೆಯುವುದು ಮೇಲು.

ಬೆಲ್ಟ್ ಮೇಲೆ ಡಿಗ್ರೀಸರ್ ಬೀಳದಂತೆ ನೋಡಿಕೊಳ್ಳಿ. ಬಾನೆಟ್ ಒಳಗಿನ ಸ್ಟಿಕ್ಕರ್‌ಗಳನ್ನು ಉಜ್ಜಬೇಡಿ. ಎಸಿ ಗ್ಯಾಸ್ ಎಷ್ಟು ಗ್ರಾಂ ಎಂಬುದು ಅದರಲ್ಲೇ ಇರುತ್ತದೆ, ಮುಂದೆ ಅದು ಬೇಕಾಗುತ್ತದೆ. ಬಾನೆಟ್ ಕೆಳಗಿನ ನಾರಿನ ಹೊದಿಕೆಗೆ ನೀರು ಬೇಡ, ನೆನೆದರೆ ಜೋತು ಬೀಳುತ್ತದೆ. ವ್ಯಾಕ್ಯೂಮ್ ಹಿಡಿದರೆ ಸಾಕು. ರೇಡಿಯೇಟರ್ ರೆಕ್ಕೆಗಳು ಬೆರಳೊತ್ತಿದರೂ ಬಾಗುವಷ್ಟು ಮೃದು. ಅವಕ್ಕೆ ಎಂಜಿನ್ ಕಡೆಯಿಂದ ಹೊರಮುಖವಾಗಿ ಮೆಲ್ಲಗೆ ನೀರು ಬಿಡಿ, ಸಿಕ್ಕಿಬಿದ್ದ ಹುಳುಗಳು ಬಂದ ದಾರಿಯಲ್ಲೇ ಹೋಗುತ್ತವೆ.

ಬ್ಯಾಟರಿ ಟರ್ಮಿನಲ್ ಮೇಲೆ ಬಿಳಿ ಅಥವಾ ಹಸಿರು ಹೂವಿನಂತೆ ಪುಡಿ ಕಟ್ಟಿದ್ದರೆ ಒಂದು ಲೋಟ ಬಿಸಿನೀರಿಗೆ ಒಂದು ಚಮಚ ಅಡುಗೆ ಸೋಡಾ ಕಲಸಿ ಟೂತ್‌ಬ್ರಷ್‌ನಲ್ಲಿ ಉಜ್ಜಿ. ನೊರೆ ನಿಂತರೆ ಆಮ್ಲ ಮುಗಿದಿದೆ ಎಂದರ್ಥ. ಸೋಡಾ ನೀರು ಬ್ಯಾಟರಿಯ ಮುಚ್ಚಳದೊಳಗೆ ಇಳಿಯಬಾರದು.

ತೊಳೆಯುವ ನೀರು ಈಗ ಮೇಲಿನಿಂದ ಕೆಳಕ್ಕೆ, ಸ್ಪ್ರೇಯರ್‌ನಿಂದಲೇ. ಹೋಸ್ ಪೈಪೇ ಬೇಕು ಎನ್ನುವವರು ನಲ್ಲಿಯನ್ನು ಕಾಲು ಭಾಗವಷ್ಟೇ ತಿರುಗಿಸಿ, ತುದಿಯನ್ನು ಬೆರಳಿನಿಂದ ಒತ್ತದೆ ಬಿಡಿ. ಬೆಂಗಳೂರಿನಲ್ಲಿ ಇನ್ನೊಂದು ಕಾರಣವೂ ಇದೆ: 2024ರ ಮಾರ್ಚ್‌ನಲ್ಲಿ ಜಲಮಂಡಳಿ ಕುಡಿಯುವ ನೀರಿನಲ್ಲಿ ವಾಹನ ತೊಳೆಯುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಹಿಡಿದಿಟ್ಟ ಮಳೆನೀರು ಈ ಕೆಲಸಕ್ಕೆ ಎಲ್ಲಕ್ಕಿಂತ ಒಳ್ಳೆಯದು. ಗಡಸು ಬೋರ್‌ವೆಲ್ ನೀರಾದರೆ ತಾನಾಗಿ ಆರಲು ಬಿಡದೆ ಬಟ್ಟೆಯಲ್ಲಿ ಒರೆಸಿ, ಇಲ್ಲವಾದರೆ ಕಪ್ಪು ಪ್ಲಾಸ್ಟಿಕ್ ತುಂಬ ಬಿಳಿ ಚುಕ್ಕೆ.

ಒಣಗಿಸುವುದೇ ಅರ್ಧ ಕೆಲಸ

ಚೀಲಗಳನ್ನು ಎಣಿಸಿ ತೆಗೆಯಿರಿ. ಒಣ ಬಟ್ಟೆಯಲ್ಲಿ ಕೈಗೆಟುಕಿದ್ದೆಲ್ಲ ಒರೆಸಿ. ಧೂಳೂದುವ ಬ್ಲೋವರ್ ಅಥವಾ ಪಂಕ್ಚರ್ ಅಂಗಡಿಯ ಏರ್ ಗನ್ ಸಿಕ್ಕರೆ ಕನೆಕ್ಟರ್‌ಗಳ ಸುತ್ತ, ಆಲ್ಟರ್ನೇಟರ್ ಸುತ್ತ ದೂರದಿಂದ ಗಾಳಿ ಹಾಯಿಸಿ. ಎರಡು ಮೂರು ಬಾರ್ ಸಾಕು.

ಕಾಯಿಲ್‌ಗಳ ಬುಡದಲ್ಲಿ ಹೆಚ್ಚು ಸಮಯ ಕೊಡಿ. ಕೆ12 ತರಹದ ಎಂಜಿನ್‌ನಲ್ಲಿ ಸ್ಪಾರ್ಕ್ ಪ್ಲಗ್‌ಗಳು ಹೆಡ್‌ನ ನಡುವೆ ಆಳವಾದ ಬಾವಿಗಳಲ್ಲಿ ಕೂತಿರುತ್ತವೆ, ಬಾಯಿಗೆ ಕಾಯಿಲ್‌ನ ರಬ್ಬರೇ ಮುಚ್ಚಳ. ರಬ್ಬರ್ ಹಳತಾಗಿ ಸೀಳಿದ್ದರೆ ನೀರು ಇಳಿದು ಬಾವಿಯಲ್ಲೇ ನಿಲ್ಲುತ್ತದೆ. ಸಂಶಯವಿದ್ದರೆ ಕಾಯಿಲ್ ಬಿಚ್ಚಿ ನೋಡಿ. ಪ್ಲಗ್ ಬಿಚ್ಚುವ ಮೊದಲು ಬಾವಿ ಒಣಗಿರಲೇಬೇಕು, ಇಲ್ಲವಾದರೆ ನೀರು ಸಿಲಿಂಡರಿಗೆ ಬೀಳುತ್ತದೆ.

ಬಾನೆಟ್ ತೆರೆದೇ ಒಂದು ಗಂಟೆ ಬಿಸಿಲಿಗೆ ಬಿಟ್ಟು ಮೈನಸ್ ತಂತಿ ಸೇರಿಸಿ, ಟರ್ಮಿನಲ್‌ಗೆ ತೆಳ್ಳಗೆ ಪೆಟ್ರೋಲಿಯಂ ಜೆಲ್ಲಿ ಸವರಿ. ಸ್ಟಾರ್ಟ್ ಮಾಡಿ 10ರಿಂದ 15 ನಿಮಿಷ ಐಡಲ್‌ನಲ್ಲಿ ಬಿಡಿ. ಹತ್ತಿರ ಬಾಗುವಾಗ ಸೆರಗು, ದುಪಟ್ಟ, ಲುಂಗಿಯ ತುದಿ, ಕತ್ತಿನ ಸರ ಎಲ್ಲ ಬೆಲ್ಟ್‌ನಿಂದ ದೂರವಿರಲಿ. ಎಕ್ಸಾಸ್ಟ್ ಕಡೆಯಿಂದ ಬಿಳಿ ಹಬೆ ಏಳುತ್ತದೆ, ಕೆಲವೇ ನಿಮಿಷ. ಐಡಲ್ ಸ್ವಲ್ಪ ಏರಿಳಿಯಬಹುದು, ಬ್ಯಾಟರಿ ಬಿಚ್ಚಿದ್ದರಿಂದ ಇಸಿಯು ಮತ್ತೆ ಕಲಿಯುತ್ತಿರುತ್ತದೆ.

ಮೇಲೆ ಹಚ್ಚುವ ಪಾಲಿಷ್ ಕಡ್ಡಾಯವೇನಲ್ಲ. ಹಚ್ಚುವುದಾದರೆ ನೀರಿನಾಧಾರಿತ ಡ್ರೆಸ್ಸಿಂಗ್ ಅನ್ನು ಬಟ್ಟೆಗೆ ಹಾಕಿ, ಪ್ಲಾಸ್ಟಿಕ್ ಮತ್ತು ಹೋಸ್‌ಗಳಿಗೆ ಮಾತ್ರ. ಬೆಲ್ಟ್‌ಗೆ ಯಾವುದೂ ಬೇಡ. ಸೆಕೆಂಡ್ ಹ್ಯಾಂಡ್ ಕಾರು ನೋಡಲು ಹೋದಾಗ ಎಂಜಿನ್ ಹೊಸದರಂತೆ ಹೊಳೆಯುತ್ತಿದ್ದರೆ ಈ ಪಾಲಿಷ್ ನೆನಪಿರಲಿ. ತೊಳೆದು ಒಂದು ದಿನವಾಗಿದ್ದರೆ ಯಾವ ಸೋರಿಕೆಯೂ ಕಾಣುವುದಿಲ್ಲ.

ಏನಾದರೂ ಕೈಕೊಟ್ಟರೆ

ಎಂಜಿನ್ ನಡುಗಿ ಚೆಕ್ ಲೈಟ್ ಮಿನುಗಿದರೆ ಅದು ಮಿಸ್‌ಫೈರ್, ಅಂದರೆ ಸಿಲಿಂಡರಿನಲ್ಲಿ ಪೆಟ್ರೋಲ್ ಸರಿಯಾಗಿ ಉರಿಯುತ್ತಿಲ್ಲ. ಸ್ಕ್ಯಾನರ್ ಇದ್ದರೆ ಪಿ0301ರಿಂದ ಪಿ0304ರವರೆಗಿನ ಕೋಡ್ ಯಾವ ಸಿಲಿಂಡರ್ ಎಂದು ಹೇಳುತ್ತದೆ, ಪಿ0300 ಎಂದರೆ ಒಂದೇ ಸಿಲಿಂಡರ್ ಎಂದು ಹೇಳಲಾಗದು, ಹಲವು ಸಿಲಿಂಡರ್‌ಗಳಲ್ಲಿ ಮಿಸ್ ಆಗುತ್ತಿರಬಹುದು ಎಂದು. ಆ ದೀಪ ಮಿನುಗುತ್ತಿರುವಾಗ ಓಡಿಸಿ ಒಣಗಿಸುತ್ತೇನೆ ಎಂದು ಹೊರಡಬೇಡಿ. ಉರಿಯದ ಪೆಟ್ರೋಲ್ ಹೊಗೆ ಶುದ್ಧ ಮಾಡುವ ಕ್ಯಾಟಲಿಟಿಕ್ ಕನ್ವರ್ಟರ್ ಒಳಗೆ ಹೋಗಿ ಉರಿದು ಅದನ್ನು ಸುಡುತ್ತದೆ. ನಿಲ್ಲಿಸಿ, ಕಾಯಿಲ್ ಬಿಚ್ಚಿ, ರಬ್ಬರಿನ ಒಳಗನ್ನೂ ಬಾವಿಯನ್ನೂ ಒಣಗಿಸಿ.

ಬೆಲ್ಟ್ ಕಿರುಚಿದರೆ ಬರೀ ನೀರಾದರೆ ಐದು ನಿಮಿಷದಲ್ಲಿ ನಿಲ್ಲುತ್ತದೆ. ನಿಲ್ಲದಿದ್ದರೆ ಸೋಪು ಉಳಿದಿದೆ. ಎಂಜಿನ್ ನಿಲ್ಲಿಸಿ ಶುದ್ಧ ನೀರು ಬಿಟ್ಟು ಒರೆಸಿ. ಬ್ಯಾಟರಿ ದೀಪ ಉರಿದರೆ ಆಲ್ಟರ್ನೇಟರ್ ಕನೆಕ್ಟರ್ ನೋಡಿ. ಕೀಲಿ ತಿರುಗಿಸಿದರೂ ಏನೂ ಅಲುಗಾಡದೆ ಸುಮ್ಮನಿದ್ದರೆ ಬ್ಯಾಟರಿ ಕ್ಲಾಂಪ್ ಸರಿಯಾಗಿ ಬಿಗಿದಿಲ್ಲ ಎಂಬ ಸಾಧ್ಯತೆಯೇ ಹೆಚ್ಚು.

100 ಕಿಲೋಮೀಟರ್ ಆದ ಮೇಲೆ

ಈಗ ತೊಳೆದದ್ದರ ಫಲ. ತೊಳೆದು 100ರಿಂದ 200 ಕಿಲೋಮೀಟರ್ ಓಡಿಸಿ, ಎಂಜಿನ್ ತಣಿದ ಮೇಲೆ ಟಾರ್ಚ್ ಹಿಡಿದು ಹಳೆಯ ಫೋಟೋಗಳ ಜೊತೆ ಹೋಲಿಸಿ. ಎಣ್ಣೆ ಬಂದ ಜಾಗ ಕಣ್ಣಿಗೆ ಹೊಡೆಯುತ್ತದೆ. ತೀರಾ ತೆಳುವಾದ ಸೋರಿಕೆಯಾದರೆ ಸಂಶಯದ ಜೋಡಣೆಯ ಮೇಲೆ ಮಗುವಿಗೆ ಹಾಕುವ ಟಾಲ್ಕಂ ಪೌಡರ್ ಉದುರಿಸಿ, ಬೆಲ್ಟ್‌ನಿಂದ ದೂರವಿಟ್ಟು. 20 ಕಿಲೋಮೀಟರ್ ಓಡಿಸಿ ನೋಡಿದರೆ ಬಿಳಿಯ ಮೇಲೆ ಎಣ್ಣೆ ಗೆರೆ ಎಳೆದಿರುತ್ತದೆ, ಗೆರೆಯ ಅತಿ ಮೇಲಿನ ತುದಿಯೇ ಮೂಲ. ಸಾಮಾನ್ಯವಾಗಿ ಅದು ಟ್ಯಾಪೆಟ್ ಕವರ್ (ಎಂಜಿನ್ನಿನ ಮೇಲಿನ ಮುಚ್ಚಳ) ಪ್ಯಾಕಿಂಗ್ ಆಗಿರುತ್ತದೆ, ಕೆಲವೊಮ್ಮೆ ಪುಲ್ಲಿಯ ಹಿಂದಿನ ಕ್ರ್ಯಾಂಕ್ ಸೀಲ್. ಆಗ ಗ್ಯಾರೇಜಿಗೆ ಹೋಗಿ "ಎಲ್ಲೋ ಎಣ್ಣೆ ಸೋರ್ತಿದೆ, ನೋಡಿ" ಎನ್ನುವ ಬದಲು "ಟ್ಯಾಪೆಟ್ ಕವರಿನ ಹಿಂದಿನ ಎಡ ಮೂಲೆಯಲ್ಲಿ ಪ್ಯಾಕಿಂಗ್ ಹೋಗಿದೆ, ಅದೊಂದು ಬದಲಿಸಿ" ಎನ್ನಬಹುದು.